ಸಪ್ಪೆ ಊಟದ ಅನುಮಾನ

ನಮ್ಮ ಮನೆಯ ಪೊಲೀಸಮ್ಮನಿಗೆ,

ದೂರದಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುತ್ತಿದ್ದೇನೆ. ಈ ಕಾಗದ ಮನೆಗೆ ಬಾರದೆ ನೀನು ಕೆಲಸ ಮಾಡುವ ಲಾಂಡ್ರಿಯ ವಿಳಾಸಕ್ಕೆ ಬಂತೆಂದು ಗಾಬರಿಯಾಗಬೇಡ. ಮನೆಗೆ ಹಾಕಿದ್ದರೆ ನಿನ್ನ ಗಂಡ, ಅಂದರೆ ನನ್ನ ಸುಪುತ್ರ, ಒಡೆದು ಊಟದ ಮೇಜಿನ ಮುಂದೆ ನಾಟಕದವರ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ಇದು ನಿನ್ನೊಬ್ಬಳಿಗೆ. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೂಲು ಎಳೆದುಕೊಂಡು ಕೂತು ಓದು. ನಿಂತು ಓದಬೇಡ.

ನಾನು ಅನುಮಾನದ ಮನುಷ್ಯ ಅಂತ ನೀನೇ ಎಷ್ಟೋ ಸಲ ಹೇಳಿದ್ದೀಯ. "ಮಾವ, ನೀವು ಹಾಲಿನವನ್ನ ನೋಡೋ ರೀತಿಗೆ, ಕಳ್ಳತನ ಮಾಡದೇ ಇದ್ರೂ ಅವನು ಒಪ್ಕೊಂಡ್ಬಿಡ್ತಾನೆ" ಅಂತ. ಏನು ಮಾಡಲಿ ತಾಯಿ, ಬದುಕೆಲ್ಲ ವೇಬ್ರಿಡ್ಜಿನಲ್ಲಿ ಲಾರಿ ತೂಗಿದವನು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಲಿಲ್ಲ. ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿ ಅಕ್ಷರ ಕಲಿತೆ, ಡ್ರೈವರುಗಳ ಮುಖ ನೋಡಿ ನೋಡಿ ಲೋಕ ಕಲಿತೆ. ತುಂಬಿದ ಲಾರಿ ತೂಗುವಾಗ ಕ್ಯಾಬಿನ್ನಿನಲ್ಲಿ ದಪ್ಪ ದಪ್ಪ ಆಸಾಮಿಗಳನ್ನು ಬಗ್ಗಿಸಿ ಕೂರಿಸಿಕೊಂಡು, ಖಾಲಿ ತೂಗುವಾಗ ಅವರನ್ನು ಚಹಾಕ್ಕೆ ಕಳಿಸುವವರನ್ನು ಕಂಡಿದ್ದೇನೆ. ಒಂದು ಲಾರಿಯ ನಂಬರು ಬರೆಸಿ ಇನ್ನೊಂದನ್ನು ತಂದು ನಿಲ್ಲಿಸುವವರನ್ನೂ ಕಂಡಿದ್ದೇನೆ. ಇಂಥವನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ನೀನು ಎರಚಿದೆ. ಅದೂ ನಗುನಗುತ್ತಾ.

ಮೊದಲು ಸಣ್ಣದಾದದ್ದು ನನ್ನ ತಟ್ಟೆ. ನೀಲಿ ಅಂಚಿನ ದೊಡ್ಡ ತಟ್ಟೆ ಎಲ್ಲಿ ಅಂದರೆ "ಬಿರುಕು ಬಿಟ್ಟಿತ್ತು ಮಾವ, ಎಸೆದೆ" ಅಂದೆ. ಮಾರನೆಯ ದಿನ ಅದೇ ತಟ್ಟೆ ಬೀರುವಿನ ತಲೆಯ ಮೇಲೆ ಸುಖವಾಗಿ ಮಲಗಿತ್ತು. ಬಿರುಕೂ ಇಲ್ಲ, ಗಿರುಕೂ ಇಲ್ಲ. ಆಮೇಲೆ ಅನ್ನಕ್ಕೆ ಮುಂಚೆ ಹಸಿ ಸೌತೆಕಾಯಿ, ಬೇಯಿಸಿದ ಬೀನ್ಸು ಬರತೊಡಗಿದವು. ಕರಿದದ್ದು ಮನೆಯಿಂದ ಗಡೀಪಾರಾಯಿತು. ಚಹಾದ ಸಕ್ಕರೆ ಅರ್ಧಕ್ಕಿಳಿಯಿತು, ಆ ಅರ್ಧವೂ ಒಂದು ದಿನ ಹೇಳದೆ ಕೇಳದೆ ಹೊರಟುಹೋಯಿತು. ಯಾರು ಏನು ಕೇಳಿದರೂ ನಿನ್ನದು ಒಂದೇ ಉತ್ತರ: "ಮಾವನಿಗೆ ಒಳ್ಳೇದು." ಪುಟ್ಟಿ ಬಿಸ್ಕತ್ತು ಕೇಳಿದರೆ "ತಾತನ ಎದುರಿಗೆ ತಿನ್ನಬಾರ್ದು." ನನ್ನ ಮಗ ಎಣ್ಣೆ ಕಮ್ಮಿಯಾಯಿತು ಅಂದರೆ "ನಿಮ್ಮಪ್ಪನ ಹೊಟ್ಟೆ ನೋಡಿದೀರಾ?" ನನ್ನ ಹೊಟ್ಟೆ ಊರ ಹೊಟ್ಟೆಯಾಯಿತು, ಬಂದವರೆಲ್ಲ ಅದರ ಕ್ಷೇಮ ವಿಚಾರಿಸುವವರೇ.

ನಾನು ತಿನ್ನುವುದು ಈ ಹುಡುಗಿಗೆ ಭಾರವಾಯಿತೇ ಅಂತ ಮೊದಲು ಅನುಮಾನ ಬಂತು. ಬಂದ ಅನುಮಾನವನ್ನು ನಾನು ಬಾಗಿಲಲ್ಲಿ ನಿಲ್ಲಿಸುವವನಲ್ಲ, ಒಳಗೆ ಕರೆದು ಕೂರಿಸುತ್ತೇನೆ. ಆದರೆ ನಿನ್ನ ತಟ್ಟೆ ನೋಡಿದರೆ ನನ್ನದಕ್ಕಿಂತ ಬರಿದು. ಹಾಗಾಗಿ ಅದು ಎದ್ದು ಹೋಯಿತು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು: ಡಾಕ್ಟರು ನನ್ನ ಬಗ್ಗೆ ಏನೋ ಹೇಳಿದ್ದಾರೆ, ನೀನು ಮುಚ್ಚಿಡುತ್ತಿದ್ದೀಯ. ಹೋಗುವವನಿಗೆ ಉಪಚಾರ ಜಾಸ್ತಿ ಅಂತಾರಲ್ಲ. ಅಂದಿನಿಂದ ನಿನ್ನ ಒಳ್ಳೆಯತನವೆಲ್ಲ ನನ್ನನ್ನು ಚುಚ್ಚತೊಡಗಿತು. ನೀನು ಮೆತ್ತಗೆ ಮಾತಾಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಗದರಿದ ದಿನ ಸಮಾಧಾನವಾಗಿ ನಿದ್ದೆ ಮಾಡುತ್ತಿದ್ದೆ.

ಆಮೇಲೆ ಸಂಜೆಯ ವಾಕಿಂಗ್ ಶುರುವಾಯಿತು. ಬೇಕರಿಯ ಮುಂದೆ ಮೂಗು ಮುಚ್ಚಿಕೊಂಡು, ಕ್ಷೌರದ ಅಂಗಡಿ ದಾಟಿ, ಸರಿಯಾದ ರಸ್ತೆ ಬಿಟ್ಟು ಬೇಕೆಂತಲೇ ಮೆಟ್ಟಿಲಿರುವ ದಾರಿ ಹಿಡಿದು ಪಾರ್ಕಿಗೆ. "ಸುಸ್ತಾಯ್ತಾ ಮಾವ?" ಅಂತ ಮೇಲಿಂದ ಮೇಲೆ ಕೇಳುತ್ತಿದ್ದೆ. ಕೇಳುವವಳಿಗೇ ಏದುಸಿರು! ನಾನು ಇಲ್ಲವೆಂದರೂ "ಪಾಪ, ಸುಸ್ತಾಗಿದೆ ನಿಮಗೆ, ಕೂತ್ಕೊಳ್ಳಿ" ಅಂತ ಬೆಂಚಿನಲ್ಲಿ ಮೊದಲು ಕೂರುತ್ತಿದ್ದವಳು ನೀನೇ. ಕೂತವಳು ಚಪ್ಪಲಿ ಕಳಚಿ, ಬೀದಿ ದೀಪದ ಬೆಳಕಿಗೆ ಕಾಲು ತಿರುಗಿಸಿ ಅಂಗಾಲು ನೋಡಿಕೊಳ್ಳುತ್ತಿದ್ದೆ. ಏನಮ್ಮಾ ಅಂದರೆ "ಕಲ್ಲು ಸಿಕ್ಕಿತ್ತು ಮಾವ." ದಿನಾ ಕಲ್ಲು! ಇಷ್ಟು ಕಲ್ಲಿದ್ದರೆ ಆ ರಸ್ತೆಯನ್ನೇ ಲಾರಿಗೆ ತುಂಬಿ ನನ್ನ ಹತ್ತಿರ ತೂಗಿಸಬಹುದಿತ್ತು.

ನಿಜ ಹೇಳುತ್ತೇನೆ, ನನ್ನ ಮೈ ಹಗುರಾಗಿತ್ತು. ಬೂಟಿನ ದಾರ ಕಟ್ಟಲು ಬಗ್ಗಿದರೆ ಮೊದಲೆಲ್ಲ ಕಣ್ಣಿಗೆ ಕತ್ತಲು ಬರುತ್ತಿತ್ತು, ಅದು ನಿಂತಿತು. ಮಧ್ಯಾಹ್ನದ ತೂಕಡಿಕೆಯೂ ಹೋಯಿತು. ಅದಕ್ಕೂ ಅನುಮಾನಪಟ್ಟೆ, ದೀಪ ಆರುವ ಮುಂಚೆ ಜೋರಾಗಿ ಉರಿಯುತ್ತದಲ್ಲ. ಔಷಧಿ ಅಂಗಡಿಯ ಮುಂದಿನ ಯಂತ್ರ ಹತ್ತಿ ತೂಕ ನೋಡಿಕೊಂಡು ಬಂದು "ಇಳಿದಿದೀನಿ ಕಣಮ್ಮ" ಅಂತ ಎದೆಯುಬ್ಬಿಸಿ ಹೇಳಿದರೆ, ನೀನು ಒಲೆಯಿಂದ ಮುಖ ಕೂಡ ತಿರುಗಿಸಲಿಲ್ಲ. "ಹೌದಾ ಮಾವ" ಅಂದೆ, ಅಷ್ಟೆ. ಒಬ್ಬನನ್ನು ಇಳಿಸಲೆಂದೇ ಇಡೀ ಮನೆಯ ನಾಲಗೆ ಕಟ್ಟಿದವಳಿಗೆ, ಅವನು ಎಷ್ಟು ಇಳಿದನೆಂಬ ಕುತೂಹಲವೇ ಬೇಡವೇ? ಆಗ ಹಿಂದಿನಿಂದ ನಿನ್ನನ್ನು ನೋಡಿದೆ. ಮೊದಲೆಲ್ಲ ಕಟ್ಟಿದರೆ ತುದಿಗೆ ತುದಿ ಮುಟ್ಟಲು ಒದ್ದಾಡುತ್ತಿದ್ದ ಏಪ್ರನ್ನಿನ ದಾರ, ಈಗ ಗಂಟು ಬಿದ್ದು ಮಿಕ್ಕಿ ಜೋತಾಡುತ್ತಿತ್ತು. ಕಂಡೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ನನ್ನ ಸಾವಿನ ಯೋಚನೆಯಲ್ಲಿ ನಾನಿದ್ದೆ.

ಅಷ್ಟರಲ್ಲಿ ನಿನ್ನ ಅತ್ತಿಗೆ, ಅಂದರೆ ನನ್ನ ಮಗಳು, ಬಂದಳು. ಫೋನಿನಲ್ಲಿ ಅವಳಿಗೆ ನಾನು ಹೇಳಿದ್ದು "ಊಟ ಸ್ವಲ್ಪ ಸಪ್ಪೆ ಕಣೇ" ಅಂತ ಮಾತ್ರ. ಅವಳೋ, ಕಡ್ಡಿ ಕೊಟ್ಟರೆ ಗುಡ್ಡ ಮಾಡುವವಳು. ತಟ್ಟೆ ನೋಡಿದವಳೇ, "ಇದೇನೇ ಇದು? ನಮ್ಮಪ್ಪ ಏನು ಆಸ್ಪತ್ರೆ ಸೇರಿದಾರಾ?" ಅಂದಳು. "ಮಾವನಿಗೆ ಒಳ್ಳೇದಂತ ಅತ್ತಿಗೆ..." ಅಂತ ನೀನು ಬಾಯಿ ತೆರೆಯುವುದರೊಳಗೆ, "ಒಳ್ಳೇದು ಕೆಟ್ಟದ್ದು ನನಗೂ ಗೊತ್ತಮ್ಮ. ಕೆನ್ನೆ ನೋಡು, ಗುಳಿ ಬಿದ್ದಿದೆ. ಅಪ್ಪಾ, ಬಟ್ಟೆ ಎತ್ಕೋ. ಸ್ವಲ್ಪ ದಿನ ನಮ್ಮನೇಲಿ ಉಪ್ಪು ಖಾರದ ಮುಖ ನೋಡು" ಅಂದಳು. ನಿನ್ನ ಗಂಡ ಪಕ್ಕದಿಂದ ಒಗ್ಗರಣೆ ಹಾಕಿದ: "ಹೋಗಪ್ಪಾ, ನೀನಾದ್ರೂ ಬದುಕ್ಕೋ. ನನ್ನನ್ನ ಬಿಡಿಸೋಕೆ ಯಾರು ಬರ್ತಾರೋ!"

ಹೊರಡುವಾಗ ನಿನ್ನ ಮುಖವನ್ನೇ ನೋಡುತ್ತಿದ್ದೆ. ನಿನಗೆ ಬೇಸರವಾಗಿರಬೇಕು, ಇಲ್ಲವೇ ಒಂದು ಹೊರೆ ಇಳಿಯಿತೆಂದು ಹಗುರಾಗಿರಬೇಕು ಅಂದುಕೊಂಡಿದ್ದೆ. ಎರಡೂ ಇರಲಿಲ್ಲ. ನಿನ್ನ ಮುಖದಲ್ಲಿದ್ದದ್ದು ಹೆದರಿಕೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಯಾರಿಗೂ ಕೇಳದ ಹಾಗೆ, "ಬೇಗ ಬಂದ್ಬಿಡಿ ಮಾವ. ನೀವಿಲ್ದಿದ್ರೆ ನನ್ನ ಕೈಲಾಗಲ್ಲ" ಅಂದೆ. ಏನು ಕೈಲಾಗುವುದಿಲ್ಲ? ಲಾಂಡ್ರಿ, ಅಡುಗೆ, ಪುಟ್ಟಿಯ ಪಾಠ, ಎಲ್ಲ ಮಾಡುವವಳು ನೀನು. ನಾನು ಮಾಡುವ ಒಂದೇ ಕೆಲಸ ದಿನಪತ್ರಿಕೆ ಮಡಚಿಡುವುದು. ದಾರಿಯುದ್ದಕ್ಕೂ ಆ ಮಾತನ್ನು ಜಗಿಯುತ್ತಾ ಬಂದೆ.

ಇಲ್ಲಿ ಬಂದ ಮೇಲೆ ನಿನ್ನ ಗಂಡನ ಫೋನು. "ಅಪ್ಪಾ, ನೀನು ಹೋದ್ಮೇಲೆ ನಮ್ಮ ಬಾಣಲೆಗೆ ಮರುಜನ್ಮ ಬಂತು!" ಹಿಂದೆ ಎಣ್ಣೆ ಚುರುಗುಟ್ಟುವುದು ನನಗೂ ಕೇಳುತ್ತಿತ್ತು. "ಅವಳು ಬೇಡ ಅನ್ನಲ್ವೇನೋ?" ಅಂದೆ. "ಏನಂತ ಬೇಡ ಅಂತಾಳೆ? ನೀನೇ ಇಲ್ವಲ್ಲ." ವಾಕಿಂಗಿಗೆ ಹೋಗುತ್ತಾಳಾ ಅಂತ ಕೇಳಿದೆ. "ಒಬ್ಬಳೇ ಯಾತಕ್ಕೆ ಹೋಗ್ತಾಳೆ? ನಿನ್ನೆ ಯಾಕೋ ತಲೆ ಸುತ್ತು ಅಂತ ಕೂತ್ಬಿಟ್ಟಿದ್ಲು. ಇಸ್ತ್ರಿ ಕಾವು ಇರ್ಬೇಕು ಬಿಡು." ಅವನು ಕೆಟ್ಟವನಲ್ಲ, ನಿನಗೂ ಗೊತ್ತು. ಆದರೆ ಎದುರಿಗಿರುವುದನ್ನು ನೋಡುವ ಅಭ್ಯಾಸ ಅವನಿಗಿಲ್ಲ.

ಮಾರನೆಯ ದಿನ ನಾನೇ ಹಟ ಹಿಡಿದು ಇಲ್ಲಿಯ ಕ್ಲಿನಿಕ್ಕಿಗೆ ಹೋದೆ. ಸಾಯುವುದಾದರೆ ಯಾವ ಕಾಯಿಲೆಯಿಂದ ಅಂತಾದರೂ ತಿಳಿಯಬೇಕಲ್ಲ. ನಿನ್ನ ಅತ್ತಿಗೆ ಹೊರಗಿನ ಕುರ್ಚಿಯಲ್ಲಿ ಯಾರೊಂದಿಗೋ ಫೋನಿನಲ್ಲಿದ್ದಳು. ಡಾಕ್ಟರು ಹಿಂದೆ ಮುಂದೆ ತಟ್ಟಿ, ಬೆರಳು ಚುಚ್ಚಿ ಅಲ್ಲೇ ರಕ್ತ ನೋಡಿ, ಕೊನೆಗೆ "ಅಜ್ಜಾ, ಕಲ್ಲುಗುಂಡಿನ ಹಾಗಿದ್ದೀರಿ. ಏನು ಮಾಡ್ತಿದ್ರೋ ಅದನ್ನೇ ಮಾಡ್ಕೊಂಡು ಹೋಗಿ" ಅಂದರು. ನನಗೆ ನಂಬಿಕೆ ಬರಲಿಲ್ಲ. "ಏನನ್ನಾದ್ರೂ ಮುಚ್ಚಿಡ್ತಿದ್ದೀರಾ ಸ್ವಾಮಿ?" ಅಂದೆ. ಅವರು ನಕ್ಕುಬಿಟ್ಟರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ ಪರದೆಯಾಚೆ ನರ್ಸಮ್ಮ ಯಾವಳೋ ಹೆಂಗಸಿಗೆ ಹೇಳುತ್ತಿದ್ದಳು: "ಸಕ್ಕರೆ ಕಾಯಿಲೆ ಇರೋರು ದಿನಾ ಅಂಗಾಲು ನೋಡ್ಕೋಬೇಕಮ್ಮ. ಗಾಯ ಆದ್ರೂ ಗೊತ್ತಾಗಲ್ಲ. ತೂಕ ಇಳಿಸಿ, ದಿನಾ ನಡೀರಿ, ತರಕಾರಿ ಜಾಸ್ತಿ ತಿನ್ನಿ."

ಗುಂಡಿ ಹಿಡಿದ ಕೈ ಅಲ್ಲೇ ನಿಂತಿತು. ಬೆಂಚು, ಬೀದಿ ದೀಪ, ನಿನ್ನ ಕಾಲು. ದಿನಾ ಸಿಗುತ್ತಿದ್ದ ಆ ಕಲ್ಲು. ನನ್ನ ನಂಬರು ಬರೆಸಿ ನೀನು ನಿಲ್ಲಿಸಿದ್ದು ನಿನ್ನ ಲಾರಿಯನ್ನು! ಎಂಥೆಂಥ ಡ್ರೈವರುಗಳಿಗೂ ಸಾಧ್ಯವಾಗದ್ದನ್ನು ನೀನು ಸೌಟು ಹಿಡಿದು ಮಾಡಿದೆ.

ಯಾಕೆ ಹೀಗೆ ಮಾಡಿದಳು ಅಂತ ಬಹಳ ಯೋಚಿಸಬೇಕಾಗಲಿಲ್ಲ. ಹೋದ ವರ್ಷ ಒಮ್ಮೆ ನೀನು "ಇವತ್ತಿಂದ ನನಗೆ ಅನ್ನ ಕಮ್ಮಿ" ಅಂದಿದ್ದೆ. "ಏನ್ ಮೇಡಂ, ಸಿನಿಮಾದಲ್ಲಿ ಚಾನ್ಸ್ ಸಿಕ್ತಾ? ಎಷ್ಟು ದಿನದ ಆಟ ಇದು?" ಅಂದ ನಿನ್ನ ಗಂಡ. ಎಲ್ಲರೂ ನಕ್ಕೆವು. ನೀನೂ ನಕ್ಕೆ. ನಗುತ್ತಲೇ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿಕೊಂಡೆ. ಸೊಸೆ ತನಗಾಗಿ ಅಡುಗೆ ಬದಲಿಸಿದರೆ ಸೋಗು, ಮಾವನಿಗಾಗಿ ಬದಲಿಸಿದರೆ ಸೇವೆ. ಈ ಲೆಕ್ಕ ನಿನಗೆ ಚೆನ್ನಾಗಿ ಗೊತ್ತಿತ್ತು.

ಈಗ ನಾನು ಮಾಡಿದ್ದನ್ನು ಕೇಳು. ಕ್ಲಿನಿಕ್ಕಿನ ಒಳಗಿನಿಂದ ಹೆಣದಂಥ ಮುಖ ಮಾಡಿಕೊಂಡು ಬಂದು ಮಗಳ ಪಕ್ಕ ಕುಸಿದು ಕೂತೆ. "ಏನಂದ್ರಪ್ಪಾ?" "ಏನನ್ನೋದು ಮಗಳೇ, ನಿನ್ನ ತಮ್ಮನ ಹೆಂಡತಿ ಮಾಡ್ತಿದ್ದದ್ದೇ ಸರಿಯಂತೆ. ಇನ್ನೂ ಬಿಗಿ ಮಾಡ್ಬೇಕಂತೆ. ಮನೆಯವರೆಲ್ಲ ಅದನ್ನೇ ತಿನ್ನಬೇಕಂತೆ, ಇಲ್ಲಾಂದ್ರೆ ನನ್ನ ಬಾಯಿ ಕೇಳಲ್ವಂತೆ. ಸಂಜೆ ವಾಕಿಂಗ್ ಒಂದು ದಿನವೂ ತಪ್ಪೋ ಹಾಗಿಲ್ವಂತೆ." ನಿನ್ನ ಅತ್ತಿಗೆಯ ಕಣ್ಣಲ್ಲಿ ನೀರು. "ಅಯ್ಯೋ, ಅವಳಿಗೆ ನಾನು ಏನೇನೋ ಅಂದ್ಬಿಟ್ಟೆನಲ್ಲ" ಅಂತ ಅಲ್ಲೇ ತಮ್ಮನಿಗೆ ಫೋನು ಹಚ್ಚಿ, ಬಾಣಲೆ ಮೇಲೆತ್ತಿಡಬೇಕೆಂದು ಅವನ ಜನ್ಮ ಜಾಲಾಡಿದಳು. ಅವನು ಹೆದರಿ, ವಾಕಿಂಗಿಗೆ ತಾನೂ ಬರುತ್ತೇನೆ ಅಂದಿದ್ದಾನೆ. ಬರುತ್ತಾನೋ ಇಲ್ಲವೋ, ನನಗೆ ಅನುಮಾನವೇ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಎಲ್ಲರೆದುರು ಊಟವನ್ನು ಬೈಯುತ್ತೇನೆ, ನೀನು ನನ್ನನ್ನು ಗದರಬೇಕು. ನಗಬಾರದು, ನಕ್ಕರೆ ಇಬ್ಬರೂ ಸಿಕ್ಕಿಬೀಳುತ್ತೇವೆ.

ಆದರೆ ನನ್ನ ಅನುಮಾನ ಇನ್ನೂ ಪೂರ್ತಿ ತೀರಿಲ್ಲ. ನಿನ್ನದು ಸಕ್ಕರೆಯಷ್ಟೇನಾ, ಅಥವಾ ಇನ್ನೂ ಏನನ್ನಾದರೂ ಒಳಗಿಟ್ಟುಕೊಂಡಿದ್ದೀಯಾ? ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ "ಮಾವನನ್ನು ತೋರಿಸಬೇಕು" ಅಂತ ಲಾಂಡ್ರಿಯಲ್ಲಿ ರಜೆ ಕೇಳು. ಒಳಗೆ ನೀನು ಹೋಗು, ಹೊರಗೆ ನಾನು ಕೂರುತ್ತೇನೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ನನಗೆ ಹೇಳಬೇಕು. ಇನ್ನೊಂದು ಮಾತು. ನನ್ನ ಹೆಸರು ಎಷ್ಟು ಕಾಲ ಬಾಳುತ್ತದೆ ಹೇಳು? ವಯಸ್ಸಾದವನು, ಇವತ್ತಿದ್ದು ನಾಳೆ ಇಲ್ಲ. ನಾನು ಹೋದ ಮಾರನೆಯ ದಿನ ಮತ್ತೆ ಎಣ್ಣೆ ಚುರುಗುಟ್ಟಿದರೆ ನೀನು ಯಾರ ಹೆಸರು ಹೇಳುತ್ತೀಯ? ಅದಕ್ಕೆ ಮುಂಚೆ ಒಂದು ದಿನ, ನಿನಗೆ ಧೈರ್ಯ ಬಂದ ದಿನ, ನಿನ್ನ ಗಂಡನಿಗೆ ನಿನ್ನ ಬಾಯಿಂದಲೇ ಹೇಳಬೇಕು. ನಾನು ಹೇಳುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ. ಅವನು ಜೋಕು ಮಾಡಿದರೆ ಅವನಪ್ಪ ಇನ್ನೂ ಬದುಕಿದ್ದಾನೆ.

ಭಾನುವಾರದವರೆಗೆ ಸುಮ್ಮನೆ ಕೂರಬೇಡ. ಇವತ್ತು ಸಂಜೆಯೇ ಹೊರಡು. ಎಲ್ಲಿಗೆ ಅಂತ ಯಾರಾದರೂ ಕೇಳಿದರೆ, ಮನೆಯೊಳಗೆ ಸಿಗ್ನಲ್ ಸಿಗಲ್ಲ, ಮಾವನಿಗೆ ಫೋನ್ ಮಾಡಬೇಕು ಅನ್ನು. ನಾನು ಇಲ್ಲಿ ಫೋನು ಕಿವಿಗೆ ಹಿಡಿದು ಕೂತಿರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ. ನಿನ್ನ ಉಸಿರು ಕೇಳಿದರೆ ಸಾಕು, ನಡೆಯುತ್ತಿದ್ದೀಯೋ ಎಲ್ಲಾದರೂ ಕೂತು ನನ್ನನ್ನು ಯಾಮಾರಿಸುತ್ತಿದ್ದೀಯೋ ನನಗೆ ಗೊತ್ತಾಗುತ್ತದೆ.

ನಿನ್ನ ಆಯುಸ್ಸು ನನ್ನದಕ್ಕಿಂತ ಬಹಳ ದೊಡ್ಡದಾಗಲಿ, ಮಗಳೇ.

ಇಂತು,
ಎಲ್ಲ ಸರಿಯಿರುವ ನಿನ್ನ ರೋಗಿ,
ಮಾವ