ಹಿಂಬದಿಯಲ್ಲಿ ಕೂತವಳು

ವಾಸ್ಕಗಾನಿಶ್,
ಜುಲೈ ೨೮, ಭಾನುವಾರ

ನನ್ನ ಮುದುಕ ಜೋಸಾಯಾ,

ಹೇಗಿದ್ದೀಯ? ಜ್ವರ ಇಳಿಯಿತೇ? ಮಾಂಟ್ರಿಯಲ್ ಆಸ್ಪತ್ರೆಯ ಸಪ್ಪೆ ಸೂಪು ಕುಡಿಯುತ್ತಿದ್ದೀಯೋ, ಇಲ್ಲ ನರ್ಸುಗಳೆದುರು ಮುಖ ಗಂಟಿಕ್ಕಿಕೊಂಡು ಕೂತಿದ್ದೀಯೋ? ನಾವೆಲ್ಲ ಚೆನ್ನಾಗಿದ್ದೇವೆ. ಕಪ್ಪುನೊಣ ಕಚ್ಚಿ ನನ್ನ ಕಿವಿ ಊದಿಕೊಂಡಿದೆ, ಅಷ್ಟೇ. ಈಗ ಸುದ್ದಿ ಕೇಳು. ನಮ್ಮ ಅಜ್ಜಂದಿರು ತುಪ್ಪಳದ ಮೂಟೆಗಳನ್ನು ಸಾಗಿಸುತ್ತಿದ್ದ ಅದೇ ನದಿಯಲ್ಲಿ, ನೆಮಾಸ್ಕಾದಿಂದ ಸಮುದ್ರದವರೆಗೆ, ನಿನ್ನ ದೋಣಿಯನ್ನು ನಾನು ತಂದು ಮುಟ್ಟಿಸಿದ್ದೇನೆ. ಅದೂ ನಿನ್ನ ಜಾಗದಲ್ಲಿ, ಹಿಂಬದಿಯಲ್ಲಿ ಕೂತು, ದಾರಿ ಹಿಡಿಸುವ ದೊಡ್ಡ ಹುಟ್ಟು ಕೈಯಲ್ಲಿ ಹಿಡಿದು. ಓದಿದೆಯಾ? ಇನ್ನೊಂದು ಸಲ ಓದು.

ಮೊಣಕಾಲಿನ ಕೆಳಗೆ ಕತ್ತರಿಸಲೇಬೇಕು ಎಂದು ಡಾಕ್ಟರು ಹೇಳಿದ ದಿನ ನೀನು ಗೋಡೆ ಕಡೆ ತಿರುಗಿ ಮಲಗಿ, "ಒಂಟಿ ಕಾಲಿನವನು ದೋಣೀಲಿ ಬರೀ ಹೊರೆ ಕಣೆ. ಕತ್ತರಿಸೋದು ಬೇಡ, ಹೀಗೇ ಹೋಗ್ತೀನಿ ಬಿಡು" ಅಂದೆಯಲ್ಲ, ಆ ಮಾತಿಗೇ ಸಿಟ್ಟು ಬಂದು ನಿನ್ನನ್ನು ಮಗಳ ಕೈಗೊಪ್ಪಿಸಿ ನಾನು ವಿಮಾನ ಹತ್ತಿದ್ದು. ನೆಮಾಸ್ಕಾದಲ್ಲಿ ದೋಣಿ ಹೊರಡುವ ಹೊತ್ತಿಗೆ ನಿನ್ನಣ್ಣ ಸೈಲಸ್ ನನ್ನನ್ನೂ ನಮ್ಮ ಮೂಟೆಗಳನ್ನೂ ನೋಡಿ ನಕ್ಕ. ಬರಲಾಗದವನ ಮೂಟೆಯೂ ದೋಣಿಯಲ್ಲಿ ಹೋಗಬೇಕು, ಅದನ್ನು ಅವನ ಮನೆಯವರೇ ಹೊರಬೇಕು, ಇದು ಅವನಿಗೆ ಗೊತ್ತಿಲ್ಲದ ಪದ್ಧತಿಯೇ? ಆದರೂ ಎಲ್ಲರೆದುರು, "ಇಬ್ಬರ ಮೂಟೇನೂ ನೀನೇ ಹೊರ್ತೀಯ ಸರಿ, ನಿನ್ನ ಹೊರೋರು ಯಾರಮ್ಮ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಕುದಿಯುತ್ತಿದ್ದೆ.

ದೊಡ್ಡ ಜಲಪಾತದ ಹತ್ತಿರ ದೋಣಿ ಇಳಿದು ಕಾಡಿನಲ್ಲಿ ಹೊತ್ತು ನಡೆಯುವ ದಾರಿ ಇದೆಯಲ್ಲ, ಈ ಸಲ ಅಲ್ಲಿ ಮಂಡಿಯವರೆಗೆ ಜವುಗು. ನನ್ನ ಮೂಟೆಯನ್ನು ಹಣೆಪಟ್ಟಿಗೆ ಸಿಕ್ಕಿಸಿ ಬೆನ್ನ ಮೇಲೆ ಹೊತ್ತು ಆಚೆ ಇಳಿಸಿ, ನಿನ್ನದಕ್ಕೆಂದು ವಾಪಸು ಬಂದೆ. ಅದರೊಳಗೆ ಏನು ತುಂಬಿಟ್ಟಿದ್ದೀಯೋ ಮಾರಾಯ, ಕತ್ತು ಮುರಿಯುವಷ್ಟು ಭಾರ. ನಡುದಾರಿಯಲ್ಲಿ ನಾನು ತೂರಾಡಿದ್ದು ಕಂಡು ಸೈಲಸ್ ಕೈ ಚಾಚಿದ. "ಮುಟ್ಟಬೇಡಿ ಭಾವ, ಇದು ನನ್ನ ಗಂಡಂದು" ಅಂದೆ. ಅವನು ಮುಂದೆ ಹೋಗಿ ದಾರಿಗಡ್ಡ ಬಿದ್ದಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಹಾಕುತ್ತಾ ನಡೆದ. ಅವತ್ತಿನಿಂದ ಚಹಾ ಮೊದಲು ನನಗೇ ಬರುತ್ತಿತ್ತು, ಹೊಗೆಯಲ್ಲಿ ಬೇಯಿಸಿದ ಹೆಬ್ಬಾತಿನ ಒಳ್ಳೆಯ ತುಂಡೂ ನನಗೇ.

ಇನ್ನು ಮಾನ ಹೋದ ಕಥೆ. ಊರು ಕಾಣುವ ಮೊದಲಿನ ಕೊನೆಯ ತಿರುವಿನಲ್ಲಿ ಇಳಿದು, ಮುಖ ತೊಳೆದು, ಒಳ್ಳೆ ಬಟ್ಟೆ ಹಾಕಿಕೊಳ್ಳದೆ ನಮ್ಮವರು ಎಂದಾದರೂ ದಡ ಮುಟ್ಟಿದ್ದಾರೆಯೇ? ದಣಿದ ಮುಖ ಊರಿಗೆ ತೋರಿಸಬಾರದು. ನಾನು ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದು, ಮದುವೆಯ ಕೆಂಪು ರಿಬ್ಬನ್ ಕಟ್ಟುತ್ತಾ ಕೂತೆ. ಸೈಲಸ್ ಕೂಗುತ್ತಲೇ ಇದ್ದ. ಅಷ್ಟರಲ್ಲಿ ಇಳಿತಕ್ಕೆ ಸಮುದ್ರದ ನೀರು ಹಿಂದೆ ಸರಿದುಬಿಟ್ಟಿತು! ಊರೆಲ್ಲ ದಡದಲ್ಲಿ ನಿಂತು ಸ್ವಾಗತಕ್ಕೆ ಕೋವಿ ಹಾರಿಸುತ್ತಿದ್ದರೆ ನಮ್ಮ ದೋಣಿ ಕೆಸರಿನಲ್ಲಿ ಕೂತಿತ್ತು. ಬಿಳಿ ಅಂಗಿ ತೊಟ್ಟಿದ್ದ ನಮ್ಮ ದೋಣಿಯವರೆಲ್ಲ ಬೈದುಕೊಳ್ಳುತ್ತಾ ಕೆಸರಿಗಿಳಿದರು. ತಪ್ಪು ನನ್ನದು, ನಾನೂ ಇಳಿಯಹೋದೆ. ಮುಂಬದಿಯಲ್ಲಿದ್ದ ಮೊಮ್ಮಗಳು ಶಾರ್ಲಿನ್ ಬಿಡಲಿಲ್ಲ. "ಕೂತ್ಕೋ ಅಜ್ಜಿ. ಹಿಂದೆ ಕೂತೋರು ಕೊನೇಗೆ ತಾನೆ ಇಳಿಯೋದು" ಅಂದಳು. ಸೈಲಸ್ ಆಗಲೇ ದೋಣಿಗೆ ಹೆಗಲು ಕೊಟ್ಟಿದ್ದ. ನನ್ನನ್ನು ಕೂರಿಸಿಕೊಂಡೇ ದಡದವರೆಗೆ ತಳ್ಳಿಕೊಂಡು ಹೋದರು, ಜೋಸಾಯಾ. ನಾನು ಹುಟ್ಟನ್ನು ಎತ್ತಿ ಹಿಡಿದು ರಾಣಿಯ ಹಾಗೆ ಕೂತಿದ್ದೆ. ನಗುತ್ತಿದ್ದೆ, ಅಳುತ್ತಲೂ ಇದ್ದೆ. ನನ್ನ ಪಕ್ಕ ನೀನಿರಬೇಕಿತ್ತು.

ಸೈಲಸ್ ನಿನ್ನನ್ನು ಕೇಳಿದ್ದಾನೆ, ಅಂಗಿ ಒಗೆಸಿದ ಲೆಕ್ಕ ನಿನ್ನ ತಲೆಗೇ ಅಂತೆ. ಶಾರ್ಲಿನ್‌ಳ ಮುತ್ತು. ದೇವರು ನಿನ್ನನ್ನೂ ನಿನ್ನ ಮೊಂಡುತನವನ್ನೂ ಕಾಯಲಿ.

ನಿನ್ನ,
ಹ್ಯಾರಿಯೆಟ್

ಬರೆಯಲು ಮರೆತದ್ದು: ವಿಮಾನಕ್ಕೆ ಹೊತ್ತಾಯಿತು ಎಂದು ಕಾಗದ ಒಯ್ಯುವವಳು ಬಾಗಿಲಲ್ಲೇ ನಿಂತಿದ್ದಾಳೆ. ಒಂದೇ ಮಾತು. ದೋಣಿಯಲ್ಲಿ ಕೂತಷ್ಟು ಹೊತ್ತೂ ನನ್ನ ಎರಡೂ ಕಾಲು ಮಡಚಿಕೊಂಡು, ಜೋಮು ಹಿಡಿದು ಬಿದ್ದಿದ್ದವು. ಹಿಂಬದಿಯಲ್ಲಿ ಅವು ಯಾವ ಕೆಲಸಕ್ಕೂ ಬೇಕಾಗಲಿಲ್ಲ. ಕೈ ಬೇಕು, ಕಣ್ಣು ಬೇಕು, ನಿನಗೆ ಎರಡೂ ಇವೆ. ಮೂಟೆ ಹೊರಲು ನಾನಿದ್ದೇನೆ. ಡಾಕ್ಟರು ಬಂದ ತಕ್ಷಣ ಹೂಂ ಅನ್ನು. ಮುಂದಿನ ಬೇಸಿಗೆಗೆ ಆ ಜಾಗ ನಿನ್ನದೇ. ಕೆಸರಿನಲ್ಲಿ ತಳ್ಳುವವರನ್ನು ನಾನು ನೋಡಿಟ್ಟಿದ್ದೇನೆ.