ಎರಡು ಫಾರಂಗಳಲ್ಲಿ ಒಬ್ಬ ಮಾವ

ಮೂರನೇ ಮಹಡಿಯ ಮನೆಯಿಂದ,
ಜುಲೈ ೯, ಬುಧವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ ಮಾವನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಸೊಂಟನೋವು ಇಳಿಯಿತೇ? ಊಟ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂರಬೇಡ. ನೀನು ಅಂಚೆಯಲ್ಲಿ ಕಳಿಸಿದ ಮಾತ್ರೆಗಳು ಬಂದಿವೆ, ನನ್ನ ಸಕ್ಕರೆ ಹತೋಟಿಯಲ್ಲಿದೆ. ಹತೋಟಿ ತಪ್ಪಿರುವುದು ತಲೆ ಮಾತ್ರ, ಅದಕ್ಕೆ ಕಾರಣ ನೀವಿಬ್ಬರು.

ಹೋದ ವಾರ ತೆರಿಗೆ ಕಚೇರಿಯಿಂದ ಕಾಗದ ಬಂತು. ವಿಚ್ಛೇದನಕ್ಕೆ ಹಾಕಿದ ಮೇಲೆ ನೀನೂ ನನ್ನ ಮಗನೂ ಬೇರೆಬೇರೆ ರಿಟರ್ನ್ ಸಲ್ಲಿಸಿದಿರಿ, ಸರಿ. ಆದರೆ 'ಅವಲಂಬಿತರು' ಅನ್ನುವ ಕಡೆ ಇಬ್ಬರೂ ನನ್ನ ಹೆಸರನ್ನೇ ಬರೆದಿದ್ದೀರಲ್ಲ! ಒಬ್ಬ ಮುದುಕನಿಗೆ ಎರಡು ಕಡೆ ರಿಯಾಯಿತಿ ಸಿಗುವುದಿಲ್ಲವಂತೆ. ಯಾರ ಆಸರೆಯಲ್ಲಿದ್ದೇನೆಂದು ನಾನೇ ಸಹಿ ಮಾಡಿ ತಿಳಿಸಬೇಕಂತೆ. ಮೊದಲೇ ನನ್ನನ್ನು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮಗರಾಯ ತನ್ನ ಫಾರಂ ತಂದು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟ. "ಅಪ್ಪ, ಇಲ್ಲೊಂದು ಸೈನ್ ಹಾಕು. ಅವಳು ಇನ್ನು ನಮಗೆ ಯಾರೂ ಅಲ್ಲ" ಅಂದ. ಯಾರೂ ಅಲ್ಲವಂತೆ! ಹಾಗಾದರೆ ನನ್ನ ಮಾತ್ರೆಯ ಹೆಸರು ಹೇಳು ನೋಡೋಣ ಅಂದೆ. "ಅದೇ, ಆ ಬಿಳೀ ಮಾತ್ರೆ" ಅಂದ. ನೀನು ಮನೆ ಬಿಟ್ಟು ವರ್ಷವಾದರೂ ಮಾತ್ರೆ, ಕನ್ನಡಕ, ಆಸ್ಪತ್ರೆ ಎಲ್ಲ ನಿನ್ನದೇ. ಇವನದು ಬರೀ ಬಾಯುಪಚಾರ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಇಲ್ಲಿ ಕೆಸರು ನಿನಗೆ, ಮೊಸರು ಇವನಿಗೆ.

ಹಾಗಂತ ನೀನೇನು ಕಡಿಮೆಯೇ? ನೀನು ಕಳಿಸಿದ ಫಾರಂ ತಿರುವಿ ನೋಡಿದೆ. ಅವಲಂಬಿತರು ಅರ್ಜಿದಾರರ ಮನೆಯಲ್ಲೇ ವಾಸವಿರಬೇಕು ಎಂದು ದಪ್ಪಕ್ಷರದಲ್ಲಿದೆ. ನೀನು ಧೈರ್ಯವಾಗಿ ಹೌದು ಎಂದು ಗುರುತು ಹಾಕಿದ್ದೀಯ! ನಿನ್ನ ಹೊಸ ಮನೆಯ ಹೊಸ್ತಿಲನ್ನೂ ನಾನು ತುಳಿದಿಲ್ಲವಲ್ಲ ಮಾರಾಯ್ತಿ. ನಲವತ್ತು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವನು ನಾನು. ಮುಳ್ಳು ಕೂದಲೆಳೆಯಷ್ಟು ವಾಲಿದ್ದರೂ ಸರಿಯಿದೆ ಎಂದು ಕೊಟ್ಟವನಲ್ಲ. ಸುಳ್ಳಿಗೆ ಹೇಗೆ ಸಹಿ ಹಾಕಲಿ? ಹಾಕದಿದ್ದರೆ ಕಾಗದದ ಮೇಲೂ ನೀನು ನನಗೆ ಯಾರೂ ಅಲ್ಲ ಎಂದಾಗುತ್ತದೆ.

ಅಂಚೆಯವನು ಬರುವ ಹೊತ್ತಾಯಿತು. ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗಿರು.

ಇಂತಿ,
ನಿನ್ನ ಮಾವ

ಮರೆತಿದ್ದೆ: ನಿನ್ನ ಫಾರಂಗೇ ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ಸೋಮವಾರಕ್ಕೆ ಮುಂಚೆ ಕಚೇರಿಗೆ ಕೊಡಬೇಡ. ನಾನು ಟ್ರಂಕು ಹಿಡಿದುಕೊಂಡು ಬರುವುದು ಶನಿವಾರ ಸಂಜೆ.