ಕಾಲು ನೆಟ್ಟಗೆ ಕಟ್ಟಬೇಡ

ಅಝ್ರೂ ಪಟ್ಟಣದ ಪಕ್ಕದ ನಮ್ಮೂರು,
ರಜಬ್ ತಿಂಗಳ ಹನ್ನೊಂದು

ನನ್ನ ಕರುಳಿನ ಕುಡಿ, ಮಗಳು ತುದಾಗೆ,

ಸಲಾಮು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬರೆದುಕೊಡಲು ನಿನ್ನ ಅತ್ತಿಗೆ ಯಾಮ್ನಾಗೆ ಬಿಡುವಿರಲಿಲ್ಲ. ಇವಳು ನಾನು ಹೇಳಿದ್ದನ್ನೇ ಬರೆಯುತ್ತಾಳೋ, ತನ್ನದೂ ಒಂದಿಷ್ಟು ಸೇರಿಸುತ್ತಾಳೋ, ಯಾರಿಗೆ ಗೊತ್ತು! "ಇದನ್ನೂ ಬರೀಲಾ ಅತ್ತೆ?" ಅನ್ನುತ್ತಿದ್ದಾಳೆ. ಬರಿ ಅಂದೆ.

ಏಳು ತಿಂಗಳಾದರೂ ಮಗು ತಲೆ ಮೇಲೆ ಮಾಡಿ ಕೂತಿದೆ ಎಂದು ಹೆದರಿದ್ದೀಯ. ಸೂಲಗಿತ್ತಿಯ ಮಗಳಾಗಿ ಇಷ್ಟಕ್ಕೆಲ್ಲ ಹೆದರುವುದೇ? ನಲವತ್ತು ವರ್ಷ ಬಸುರಿಯರ ಹೊಟ್ಟೆ ಮುಟ್ಟಿ ನೋಡಿದವಳು ನಾನು. ಏಳನೇ ತಿಂಗಳಲ್ಲಿ ನಾಲ್ಕರಲ್ಲಿ ಒಂದು ಮಗು ಹಾಗೇ ಕೂತಿರುತ್ತದೆ. ಆಮೇಲೆ ಬಹಳಷ್ಟು ತಾವೇ ತಿರುಗಿಕೊಳ್ಳುತ್ತವೆ. ಕೊನೆಗೆ ಉಳಿಯುವ ಹಟಮಾರಿಗಳು ನೂರಕ್ಕೆ ಮೂರೋ ನಾಲ್ಕೋ. ಅವುಗಳಲ್ಲೂ ಹೆಚ್ಚಿನವು ಗಟ್ಟಿಮುಟ್ಟಾಗಿಯೇ ಬೆಳೆಯುತ್ತವೆ. ಹೊಟ್ಟೆ ಕೊಯ್ಯಬೇಕಾದೀತು ಎಂದರಂತೆ ಡಾಕ್ಟರು. ಈ ಡಾಕ್ಟರುಗಳನ್ನು ನಾನು ನಂಬುವವಳಲ್ಲ. ಆದರೆ ಮೈಯೆಲ್ಲ ಹೊರಬಂದು ತಲೆ ಸಿಕ್ಕಿಕೊಂಡದ್ದನ್ನು ಎರಡು ಸಲ ಕಣ್ಣಾರೆ ಕಂಡಿದ್ದೇನೆ. ಅವರು ಹೇಳಿದರೆ ಮಾಡಿಸಿಕೋ.

ನನಗೆ ಅನುಮಾನವಿರುವುದು ನಿನ್ನ ಅತ್ತೆಯ ಮೇಲೆ. "ಕುಂಟಿ ಹೊಟ್ಟೇಲಿ ಮಗು ನೆಟ್ಟಗೆ ಕೂರುತ್ತಾ?" ಅಂದಳಂತೆ. ಎಲುಬಿಲ್ಲದ ನಾಲಿಗೆ! ಕಾಲು ನೆಟ್ಟಗಾಗಲೆಂದು ಕೂಸಿಗೆ ಸುತ್ತುವ ಪಟ್ಟಿಗಳನ್ನು ಈಗಲೇ ಹೊಲಿದಿಟ್ಟು ಬಂದವರಿಗೆಲ್ಲ ಯಾಕೆ ತೋರಿಸುತ್ತಿದ್ದಾಳೆ? ಮಗುವಿನ ಕಾಲು ಎಳೆದು ಕಟ್ಟಲು ಅವಳನ್ನು ಬಿಡಬೇಡ. ಕುಂಡೆ ಮುಂದಾಗಿ ಬಂದ ಕೂಸಿನ ಕಾಲು ಮಡಚಿರುತ್ತದೆ, ಹಾಗೇ ಇರಲಿ. ಸೊಂಟದ ಕೀಲು ಸಡಿಲವಿರಬಹುದು, ಡಾಕ್ಟರಿಗೆ ತೋರಿಸು.

ಯಾಮ್ನಾ ಬರೆಯುವುದು ನಿಲ್ಲಿಸಿ, "ನನ್ನ ಮಕ್ಕಳಿಗೆಲ್ಲ ನೀವೇ ಬಿಗಿದು ಕಟ್ಟಿದ್ರಲ್ಲಾ ಅತ್ತೆ?" ಎಂದಳು. "ನೀನು ಬರೆಯೋ ಕೆಲಸ ನೋಡು" ಅಂದೆ.

ಎದುರುಮನೆಯ ಹದ್ದಾ ನಿನ್ನನ್ನು ವಿಚಾರಿಸಿದಳು. ನೀನು ಬಸುರಿ ಎಂದು ನಾನು ಬಾಯಿ ಬಿಡಲಿಲ್ಲ. ನೀನು ಹುಟ್ಟಿದ ಏಳನೇ ದಿನ, ಹೆಸರಿಡುವಾಗ, ಅವಳು ಬಗ್ಗಿ ನಿನ್ನ ಕಾಲು ನೋಡಿದ್ದು, ಆ ಕಣ್ಣು ತಾಗಿಯೇ ನೀನು ಕುಂಟಿಯಾದದ್ದು ಊರಿಗೇ ಗೊತ್ತು. ಮೂವತ್ತು ವರ್ಷದಿಂದ ಅವಳ ಹೊಸಿಲು ತುಳಿದಿಲ್ಲ.

ದೇವರು ನಿನ್ನ ಮಡಿಲು ತುಂಬಲಿ. ತಾಯಿ ಮಗು ಎರಡು ಜೀವವಾಗಿ ಎದ್ದು ಬನ್ನಿ.

ನಿನ್ನ ತಾಯಿ,
ಇತ್ತೊ

ಮತ್ತೊಂದು ಮಾತು: ಯಾಮ್ನಾಳನ್ನು ನೀರಿಗೆ ಕಳಿಸಿದ್ದೇನೆ. ಇದು ನನ್ನದೇ ಅಕ್ಷರ, ಮಸೀದಿಯಲ್ಲಿ ದೊಡ್ಡವರಿಗೆ ನಡೆಸುವ ತರಗತಿಯಲ್ಲಿ ಈಚೆಗೆ ಕಲಿತದ್ದು. ಸೊಟ್ಟಗಿದ್ದರೂ ಓದು.

ನೀನೂ ಕುಂಡೆ ಮುಂದಾಗಿಯೇ ಬಂದವಳು. ಎರಡೂ ಕಾಲು ಕಪ್ಪೆಯ ಹಾಗೆ ಮಡಚಿದ್ದವು. ಸೂಲಗಿತ್ತಿಯ ಮಗಳ ಕಾಲೇ ಸೊಟ್ಟ ಎಂದು ಏಳನೇ ದಿನಕ್ಕೆ ಬಂದವರು ನಗಬಾರದೆಂದು ಎಳೆದೆಳೆದು ಕಟ್ಟಿದೆ. ನೀನು ಕಿರುಚಿದಷ್ಟೂ ಬಿಗಿದೆ. ಹೋದ ತಿಂಗಳು ಆಸ್ಪತ್ರೆಯ ಹೊಸ ನರ್ಸು ಅಂಥ ಕೂಸಿನ ಕಾಲು ಎಳೆದು ಕಟ್ಟಿದರೆ ಸೊಂಟದ ಕೀಲು ತಪ್ಪಿ ಕುಂಟಾಗುತ್ತದೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ನನ್ನ ಕೈ ನೋಡಿಕೊಂಡೆ. ನಿನಗೆ ಬರೆಯಲು ಇಪ್ಪತ್ತು ದಿನವಾದದ್ದು ಅದಕ್ಕೇ.

ಅವತ್ತು ಹದ್ದಾ ಬಗ್ಗಿ ನೋಡಿ ಹೇಳಿದ್ದು ಇಷ್ಟೇ: "ಇತ್ತೊ, ಕೂಸಿಗೆ ನೋಯ್ತಿದೆ ಕಣೇ, ಸಡಿಲ ಮಾಡು."

ಅವಳ ಬಾಗಿಲಿಗೆ ನಾಳೆ ಹೋಗುತ್ತೇನೆ. ನಿನ್ನ ಬಾಗಿಲಿಗೆ, ನೀನು ಕರೆದರೆ ಮಾತ್ರ ಬರುತ್ತೇನೆ.